ಸಾವಿರ ಆರ್‌ಎನ್‌ಎಗಳ ನಡುವೆ ತನ್ನದನ್ನೇ ಆರಿಸುವ ವೈರಸ್

ಎಚ್‌ಐವಿ ಸೋಂಕು ತಗುಲಿದ ಒಂದು ಟಿ ಜೀವಕೋಶದೊಳಗೆ ಆರ್‌ಎನ್‌ಎಗೆ ಬರವಿಲ್ಲ. ಕೋಶ ತನ್ನ ದಿನನಿತ್ಯದ ಪ್ರೋಟೀನುಗಳಿಗಾಗಿ ಬರೆದುಕೊಂಡ ಸಾವಿರಾರು ಬಗೆಯ ಸಂದೇಶವಾಹಕ ಆರ್‌ಎನ್‌ಎಗಳು, ರೈಬೊಸೋಮಿನ ಆರ್‌ಎನ್‌ಎಗಳು, ಸಾಗಣೆ ಆರ್‌ಎನ್‌ಎಗಳು ಅಲ್ಲಿ ಕಿಕ್ಕಿರಿದಿರುತ್ತವೆ. ಇವುಗಳ ನಡುವೆ ವೈರಸ್ಸಿನ ಆರ್‌ಎನ್‌ಎಯ ಪಾಲು ತೀರಾ ಕಡಿಮೆ. ಆದರೂ ಕೋಶದ ಪೊರೆಯಿಂದ ಉಬ್ಬಿ ಹೊರಬೀಳುವ ಹೊಸ ವೈರಸ್ ಕಣಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಣಗಳಲ್ಲಿ ವೈರಸ್ಸಿನದೇ ಜೀನೋಮ್ ಸಿಗುತ್ತದೆ. ಅದೂ ಒಂದಲ್ಲ, ಜೋಡಿಯಾಗಿ ಎರಡು. ಇಷ್ಟು ಕರಾರುವಾಕ್ಕಾದ ಆಯ್ಕೆ ಹೇಗೆ ಸಾಧ್ಯ? ವೈರಸ್ಸಿನ ಪ್ರೋಟೀನು ತನ್ನ ಆರ್‌ಎನ್‌ಎಯನ್ನು ಗುರುತು ಹಿಡಿದು ಅಂಟಿಕೊಳ್ಳುತ್ತದೆ, ಉಳಿದವನ್ನು ಮುಟ್ಟುವುದಿಲ್ಲ ಎಂಬುದು ಬಹುಕಾಲ ಚಾಲ್ತಿಯಲ್ಲಿದ್ದ ಉತ್ತರ. ಈಚಿನ ಎರಡು ದಶಕಗಳ ಪ್ರಯೋಗಗಳನ್ನು ಕೂಡಿಸಿ ನೋಡಿದರೆ ಈ ಉತ್ತರ ಅರ್ಧ ಮಾತ್ರ ಸರಿ ಎನ್ನಬೇಕಾಗುತ್ತದೆ. ವೈರಸ್ಸಿನ ಆರ್‌ಎನ್‌ಎ ಗೆಲ್ಲುವುದು ಹಿಡಿತದ ಬಿಗಿಗಿಂತ ಹೆಚ್ಚಾಗಿ, ಕಣ ಕಟ್ಟುವ ಕೆಲಸವನ್ನು ಅದು ಉಳಿದೆಲ್ಲವಕ್ಕಿಂತ ಮೊದಲೇ ಶುರುಮಾಡಿಸುತ್ತದೆ ಎಂಬ ಕಾರಣಕ್ಕೆ.

ಮೊದಲು ಸರಿಯಿರುವ ಅರ್ಧವನ್ನು ನೋಡೋಣ. ಆರ್‌ಎನ್‌ಎಯಲ್ಲಿ ಒಂದು ಗುರುತು ಇರುವುದಂತೂ ನಿಜ. 1983ರಲ್ಲಿ ರಿಚರ್ಡ್ ಮಾನ್, ರಿಚರ್ಡ್ ಮಲ್ಲಿಗನ್ ಮತ್ತು ಡೇವಿಡ್ ಬಾಲ್ಟಿಮೋರ್ ಇಲಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ರೆಟ್ರೊವೈರಸ್ಸಿನಿಂದ ಒಂದು ಸಣ್ಣ ತುಣುಕನ್ನು ಕತ್ತರಿಸಿ ತೆಗೆದರು. ವೈರಸ್ಸಿನ ಪ್ರೋಟೀನುಗಳೆಲ್ಲ ಎಂದಿನಂತೆ ತಯಾರಾದವು, ಕಣಗಳೂ ಹೊರಬಂದವು. ಆದರೆ ಅವುಗಳೊಳಗೆ ವೈರಸ್ಸಿನ ಜೀನೋಮ್ ಇರಲಿಲ್ಲ. ಆ ತುಣುಕಿಗೆ ಗ್ರೀಕ್ ವರ್ಣಮಾಲೆಯ 'ಸೈ' ಎಂಬ ಅಕ್ಷರದ ಹೆಸರು ಬಂತು. 1989ರಲ್ಲಿ ಎಚ್‌ಐವಿಯಲ್ಲೂ ಇಂಥದೇ ಸಂಕೇತ ಪತ್ತೆಯಾಯಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಅಕ್ಷರಗಳುಳ್ಳ ಎಚ್‌ಐವಿ ಜೀನೋಮಿನ ಮುಂತುದಿಯಲ್ಲಿ ಅದಿದೆ. ಅದರ ಒಂದು ಮುಖ್ಯ ಭಾಗ ಇರುವ ಜಾಗವೂ ಅರ್ಥಪೂರ್ಣವಾದುದು: ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವಾಗ ಆ ಭಾಗ ಕತ್ತರಿಸಿ ಹೋಗುತ್ತದೆ. ಹಾಗಾಗಿ ಪೂರ್ತಿ ಉದ್ದದ, ಮುಂದಿನ ಪೀಳಿಗೆಗೆ ಬೇಕಾದ ಆರ್‌ಎನ್‌ಎಯಲ್ಲಿ ಮಾತ್ರ ಇಡೀ ಸಂಕೇತ ಉಳಿದಿರುತ್ತದೆ. ಇದನ್ನು ಓದುವುದು 'ಗ್ಯಾಗ್' ಎಂಬ ಪ್ರೋಟೀನು. ಒಂದು ಕಣದ ಒಳಗೋಡೆ ಕಟ್ಟಲು ಎರಡು ಸಾವಿರಕ್ಕೂ ಹೆಚ್ಚು ಗ್ಯಾಗ್ ಅಣುಗಳು ಬೇಕು. ಪ್ರತಿ ಗ್ಯಾಗಿನಲ್ಲೂ ಸತುವಿನ ಪರಮಾಣುವನ್ನು ನಡುವೆ ಇಟ್ಟುಕೊಂಡ ಎರಡು ಪುಟ್ಟ ಗಂಟುಗಳಿದ್ದು, ಜೋಡಿಯಾಗದೆ ಬಿಡಿಯಾಗಿ ಉಳಿದ ಗ್ವಾನಿನ್, ಅಂದರೆ 'ಜಿ' ಅಕ್ಷರಗಳ ಮೇಲೆ ಅವು ಕೂರುತ್ತವೆ. ಸೈ ಭಾಗದಲ್ಲಿ ಇಂಥ ಬಿಡಿ 'ಜಿ'ಗಳು ಹೇರಳ.

ಇಲ್ಲಿಗೆ ಕಥೆ ಮುಗಿಯಿತು ಎನ್ನುವವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು, ವೈರಸ್ಸಿನ ಜೀನೋಮ್ ಇಲ್ಲದಿದ್ದರೂ ಗ್ಯಾಗ್ ಕೈಕಟ್ಟಿ ಕೂರುವುದಿಲ್ಲ. 2001ರಲ್ಲಿ ಡೆಲ್ಫಿನ್ ಮುರಿಯೊ, ಅಲನ್ ರೈನ್ ಮತ್ತು ಸಂಗಡಿಗರು ತೋರಿಸಿದಂತೆ, ಜೀನೋಮ್ ಸಿಗದ ಕಣಗಳು ಕೋಶದ ಸ್ವಂತ ಆರ್‌ಎನ್‌ಎಗಳನ್ನೇ ಹೆಚ್ಚುಕಡಿಮೆ ಅಷ್ಟೇ ತೂಕದಲ್ಲಿ ತುಂಬಿಕೊಂಡು ಹೊರಡುತ್ತವೆ. ಅಂದರೆ ಗ್ಯಾಗಿಗೆ ಕಣ ಕಟ್ಟಲು ಯಾವುದಾದರೂ ಆರ್‌ಎನ್‌ಎ ಸಾಕು. ಎರಡನೆಯದು ಇನ್ನೂ ಮುಜುಗರದ್ದು. 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಸಾಧಾರಣ ಉಪ್ಪಿನಂಶದ ದ್ರಾವಣದಲ್ಲಿ ಗ್ಯಾಗ್ ಸೈ ಇರುವ ಆರ್‌ಎನ್‌ಎಯನ್ನೂ ಸೈ ಇಲ್ಲದ ಆರ್‌ಎನ್‌ಎಯನ್ನೂ ಸರಿಸುಮಾರು ಒಂದೇ ಬಲದಿಂದ ಹಿಡಿಯಿತು. ಬೇರೆ ಆರ್‌ಎನ್‌ಎಗಳನ್ನು ಪೈಪೋಟಿಗೆ ಬಿಟ್ಟಾಗ, ಇಲ್ಲವೇ ಉಪ್ಪು ಹೆಚ್ಚಿಸಿದಾಗ ಮಾತ್ರ ಸೈಯ ಮೇಲುಗೈ ಕಾಣಿಸಿತು. ಹಿಡಿತದ ಬಿಗಿಯೊಂದೇ ಆಯ್ಕೆಯನ್ನು ನಿರ್ಧರಿಸುತ್ತಿದ್ದರೆ ಈ ಎರಡೂ ಫಲಿತಾಂಶ ಬರಬಾರದಿತ್ತು.

ಹಾಗಾದರೆ ಸೈ ಮಾಡುವುದೇನು? ಕಲ್ಲುಸಕ್ಕರೆ ಮಾಡುವವರು ಪಾಕದೊಳಗೆ ದಾರ ಇಳಿಬಿಡುತ್ತಾರೆ. ಸಕ್ಕರೆ ಪಾತ್ರೆಯ ಗೋಡೆಯ ಮೇಲೂ ಹರಳುಗಟ್ಟಬಲ್ಲದು. ಆದರೆ ದಾರದ ಮೇಲೆ ಮೊದಲ ಹರಳು ಬೇಗ ಮೂಡುತ್ತದೆ, ಒಮ್ಮೆ ಮೂಡಿದ ಮೇಲೆ ಪಾಕದ ಸಕ್ಕರೆಯೆಲ್ಲ ಅಲ್ಲಿಗೇ ಹೋಗಿ ಸೇರುತ್ತದೆ. ಸೈಯ ಕೆಲಸವೂ ಇದೇ. ಅದರ ಮಡಿಕೆಗಳು ಕೆಲವು ಗ್ಯಾಗ್ ಅಣುಗಳನ್ನು ಒಂದರ ಪಕ್ಕ ಒಂದು ಸರಿಯಾದ ಅಂತರದಲ್ಲಿ ಕೂರಿಸುತ್ತವೆ, ಮುಂದಿನ ಗ್ಯಾಗ್‌ಗಳು ಅವುಗಳ ಮೇಲೆ ಬಂದು ಸೇರುತ್ತವೆ. ಇದು ಬರಿಯ ಊಹೆಯಲ್ಲ. 2009ರಲ್ಲಿ ನೊಲ್ವೆನ್ ಜುವೆನೆ, ಸ್ಯಾನ್‌ಫೋರ್ಡ್ ಸೈಮನ್ ಮತ್ತು ಪಾಲ್ ಬಿಯೆನಿಯಾಜ್ ಜೀವಂತ ಕೋಶಗಳಲ್ಲಿ ವೈರಸ್ಸಿನ ಆರ್‌ಎನ್‌ಎಗೆ ಒಂದು ಬಣ್ಣ, ಗ್ಯಾಗಿಗೆ ಇನ್ನೊಂದು ಬಣ್ಣ ಹೊಳೆಯುವಂತೆ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗ್ಯಾಗ್ ಇಲ್ಲದಾಗ ಆರ್‌ಎನ್‌ಎ ಪೊರೆಯ ಬಳಿ ಬಂದು ಅತ್ತಿತ್ತ ಸುಳಿದು ಹೊರಟುಹೋಗುತ್ತಿತ್ತು. ಗ್ಯಾಗ್ ಇದ್ದಾಗ ಅದು ಪೊರೆಗೆ ಲಂಗರು ಹಾಕಿದಂತೆ ನಿಂತಿತು. ಆ ಕ್ಷಣದಲ್ಲಿ ಅದರ ಜೊತೆಗಿದ್ದ ಗ್ಯಾಗ್‌ಗಳು ಇನ್ನೂ ಕಣ್ಣಿಗೆ ಬೀಳದಷ್ಟು, ಹತ್ತು ಹನ್ನೆರಡನ್ನು ಮೀರದಷ್ಟು ಕಡಿಮೆ. ಆಮೇಲೆ ಕೆಲವು ನಿಮಿಷಗಳಲ್ಲಿ ಅದೇ ಜಾಗದಲ್ಲಿ ಗ್ಯಾಗಿನ ಬೆಳಕು ಏರುತ್ತಾ ಹೋಗಿ ಕಣ ಪೂರ್ಣಗೊಂಡಿತು. ಜೀನೋಮ್ ಮೊದಲು, ಗೋಡೆ ಆಮೇಲೆ. ಸೈ ಇಲ್ಲದೆಯೂ ಕಣ ಕಟ್ಟಬಹುದು ಎಂಬ ಮೊದಲ ತೊಡಕಿಗೆ ಇಲ್ಲಿಯೇ ಉತ್ತರವಿದೆ: ಸ್ಪರ್ಧಿಯಿಲ್ಲದ ಪಂದ್ಯದಲ್ಲಿ ನಿಧಾನವಾಗಿ ಓಡಿದವರೂ ಗೆಲ್ಲುತ್ತಾರೆ.

ಇದೇ ಆರ್‌ಎನ್‌ಎ ಇನ್ನೊಂದು ಕೆಲಸವನ್ನೂ ಮಾಡಬೇಕು. ಗ್ಯಾಗ್ ತಯಾರಾಗುವುದೂ ಪೂರ್ತಿ ಉದ್ದದ ಆರ್‌ಎನ್‌ಎಯನ್ನು ರೈಬೊಸೋಮುಗಳು ಓದಿದಾಗಲೇ. ಯಾವುದು ಓದಿಗೆ, ಯಾವುದು ಕಣಕ್ಕೆ ಎಂದು ತೀರ್ಮಾನಿಸುವ ಬಗೆ ಬೆರಗು ಹುಟ್ಟಿಸುವಷ್ಟು ಸರಳ. ವೈರಸ್ಸಿನ ಡಿಎನ್‌ಎಯಲ್ಲಿ ನಕಲು ಶುರುವಾಗುವ ಜಾಗದಲ್ಲಿ ಮೂರು 'ಜಿ'ಗಳು ಸಾಲಾಗಿವೆ. ನಕಲು ಮೊದಲನೆಯ 'ಜಿ'ಯಿಂದ ಶುರುವಾದರೆ ಆರ್‌ಎನ್‌ಎಯ ತುದಿಯಲ್ಲಿ ಮೂರು 'ಜಿ', ಕೊನೆಯದರಿಂದ ಶುರುವಾದರೆ ಒಂದೇ 'ಜಿ'. ಒಂದು 'ಜಿ'ಯ ಆರ್‌ಎನ್‌ಎ ತನ್ನ ತುದಿಯ 'ಟೊಪ್ಪಿ'ಯನ್ನು, ಅಂದರೆ ಓದು ಶುರುಮಾಡಲು ಬೇಕಾದ ಹಿಡಿಯನ್ನು, ಮಡಿಕೆಯೊಳಗೆ ಅಡಗಿಸಿಕೊಳ್ಳುತ್ತದೆ. ರೈಬೊಸೋಮಿನ ಕಡೆಯವರಿಗೆ ಅದು ಸಿಗುವುದಿಲ್ಲ. ಅದೇ ಹೊತ್ತಿಗೆ ಎರಡು ಜೀನೋಮುಗಳು ಜೋಡಿಯಾಗುವ ಕುಣಿಕೆಯೂ ಗ್ಯಾಗ್ ಕೂರುವ ಜಾಗಗಳೂ ತೆರೆದುಕೊಳ್ಳುತ್ತವೆ. ಮೂರು 'ಜಿ'ಯದರಲ್ಲಿ ಟೊಪ್ಪಿ ಹೊರಗಿರುತ್ತದೆ, ಅದು ಪ್ರೋಟೀನು ತಯಾರಿಕೆಗೆ ಹೋಗುತ್ತದೆ. ಒಂಬತ್ತು ಸಾವಿರಕ್ಕೂ ಹೆಚ್ಚು ಅಕ್ಷರಗಳಲ್ಲಿ ಎರಡೇ ಅಕ್ಷರಗಳ ವ್ಯತ್ಯಾಸ! ಮೈಕೆಲ್ ಸಮ್ಮರ್ಸ್ ಅವರ ತಂಡ 2020ರಲ್ಲಿ ಈ ಮಡಿಕೆಗಳ ರಚನೆಯನ್ನು ಬಿಡಿಸಿ ತೋರಿಸಿತು. ಅಕ್ಷರಗಳಷ್ಟೇ ಅಲ್ಲ, ಅವು ತಳೆಯುವ ಆಕಾರವೂ ಆಯ್ಕೆಯನ್ನು ನಡೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಈ ಬಹುಪಾಲು ಪ್ರಯೋಗಗಳು ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿರುವ 'ಬಿ' ಉಪಪ್ರಭೇದದ ಎಚ್‌ಐವಿಯ ಮೇಲೆ ನಡೆದವು, ನಮ್ಮಲ್ಲಿರುವುದು ಬಹುತೇಕ 'ಸಿ', ಇದೆಲ್ಲ ಇಲ್ಲಿಗೆ ಹೇಗೆ ಅನ್ವಯಿಸುತ್ತದೆ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ತೋರಿಸಿರುವಂತೆ, 'ಸಿ' ವೈರಸ್ಸಿನ ನಕಲು ಶುರುಮಾಡಿಸುವ ಭಾಗವೇ ಬೇರೆ ಬಗೆಯದು: 'ಬಿ'ಯಲ್ಲಿ ಎರಡಿರುವ ಒಂದು ಮುಖ್ಯ ಸ್ವಿಚ್ಚು ಇದರಲ್ಲಿ ಸಾಮಾನ್ಯವಾಗಿ ಮೂರು, ಭಾರತದಲ್ಲಿ ಹೊಸದಾಗಿ ಕಾಣಿಸಿಕೊಂಡ ಕೆಲವು ತಳಿಗಳಲ್ಲಿ ನಾಲ್ಕು ಇವೆ. ಆದರೆ ಅದು ಎಷ್ಟು ಆರ್‌ಎನ್‌ಎ ಬರೆಯಬೇಕು ಎಂಬುದರ ಲೆಕ್ಕ. ಯಾವುದು ಕಣದೊಳಗೆ ಹೋಗಬೇಕು ಎಂಬಲ್ಲಿಯೂ ವ್ಯತ್ಯಾಸವಿದೆ: ಎರಡು ಜೀನೋಮುಗಳು ಕೈಹಿಡಿಯುವ ಕುಣಿಕೆಯ ಆರು ಅಕ್ಷರಗಳು 'ಬಿ'ಯಲ್ಲಿ ಜಿಸಿಜಿಸಿಜಿಸಿ, 'ಸಿ'ಯಲ್ಲಿ ಜಿಯುಜಿಸಿಎಸಿ. ಎರಡೂ ತಮ್ಮ ತದ್ರೂಪಿನ ಜೊತೆಗೆ ಸರಿಯಾಗಿ ಜೋಡಿಯಾಗುತ್ತವೆ, ಒಂದು ಇನ್ನೊಂದರ ಜೊತೆ ಆಗುವುದಿಲ್ಲ. ಈ ಹೊಂದಾಣಿಕೆಯಿಲ್ಲದ ಕಾರಣಕ್ಕೇ 'ಬಿ' ಮತ್ತು 'ಸಿ' ಬೆರೆತ ಮಿಶ್ರತಳಿಗಳು ಹುಟ್ಟುವುದು ಕಡಿಮೆಯಾಗುತ್ತದೆ ಎಂದು 2005ರಲ್ಲಿ ಸಾಬೀತಾಯಿತು. ಅಕ್ಷರ ಬದಲಾದರೂ ವಿಧಾನ ಬದಲಾಗಿಲ್ಲ.

ಈ ತಿಳಿವಳಿಕೆ ಈಗಾಗಲೇ ರೋಗಿಗಳಿಗೆ ನೆರವಾಗಿದೆ. ಸೈ ಆರ್‌ಎನ್‌ಎಯಲ್ಲಿದೆಯೇ ಹೊರತು ಪ್ರೋಟೀನಿನಲ್ಲಿಲ್ಲವಾದ್ದರಿಂದ ಎರಡನ್ನೂ ಬೇರ್ಪಡಿಸಬಹುದು: ಬೇಕಾದ ಜೀನಿಗೆ ಸೈ ಅಂಟಿಸಿ, ವೈರಸ್ಸಿನ ಪ್ರೋಟೀನು ತಯಾರಿಸುವ ಜೀನುಗಳಿಂದ ಸೈ ತೆಗೆದುಹಾಕಿದರೆ, ಹೊರಬರುವ ಕಣ ಚಿಕಿತ್ಸೆಯ ಜೀನನ್ನು ಹೊತ್ತೊಯ್ಯುತ್ತದೆ, ಆದರೆ ತನ್ನ ಸಂತಾನ ಬೆಳೆಸಲಾರದು. ಅಪ್ಪಿತಪ್ಪಿ ಇವೆಲ್ಲ ಮತ್ತೆ ಕೂಡಿಕೊಂಡರೆ ಎಂಬ ಭಯಕ್ಕೆ ಪ್ರತಿಯಾಗಿ ಪ್ರೋಟೀನಿನ ಜೀನುಗಳನ್ನೂ ಬೇರೆಬೇರೆ ತುಂಡುಗಳಲ್ಲಿ ಇಡುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಹಿಮೋಫಿಲಿಯಾ ಎ ಇದ್ದ ಐವರಿಗೆ ಇಂಥ ಕಣಗಳ ಮೂಲಕ ಜೀನ್ ಚಿಕಿತ್ಸೆ ನೀಡಿದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 2023ರಲ್ಲಿ ಅನುಮತಿ ಪಡೆದ ಐಐಟಿ ಬಾಂಬೆಯ ಕಾರ್-ಟಿ ಕ್ಯಾನ್ಸರ್ ಚಿಕಿತ್ಸೆಯಲ್ಲೂ ರೋಗಿಯ ಟಿ ಕೋಶಗಳಿಗೆ ಹೊಸ ಜೀನ್ ತಲುಪಿಸುವುದು ಇವೇ.

ಎಚ್‌ಐವಿ ರೋಗದ ಎದುರು ಮಾತ್ರ, ಆರ್‌ಎನ್‌ಎ ಆರಿಸುವ ಈ ಹಂತ ಇನ್ನೂ ಖಾಲಿ ಬಿದ್ದಿದೆ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ದಿನಕ್ಕೊಂದು ಮಾತ್ರೆಯಲ್ಲಿ ಮೂರು ಔಷಧಗಳಿವೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವುದನ್ನು, ಡೊಲುಟೆಗ್ರಾವಿರ್ ಆ ಡಿಎನ್‌ಎ ನಮ್ಮ ವರ್ಣತಂತುವಿಗೆ ಸೇರುವುದನ್ನು ತಡೆಯುತ್ತವೆ. ಹೊಸ ಕೋಶಗಳಿಗೆ ಸೋಂಕು ಹರಡದಂತೆ ನೋಡಿಕೊಳ್ಳಲು ಇಷ್ಟು ಸಾಕು. ಆದರೆ ಮೊದಲೇ ಸೋಂಕಿಗೆ ಒಳಗಾಗಿ ಸುಮ್ಮನಿರುವ ಕೋಶ ಎಚ್ಚೆತ್ತರೆ, ಅದು ಆರ್‌ಎನ್‌ಎ ಆರಿಸಿ ಕಣ ಕಟ್ಟುವುದನ್ನು ಈ ಮೂರರಲ್ಲಿ ಯಾವುದೂ ನಿಲ್ಲಿಸುವುದಿಲ್ಲ. ಸೈಯನ್ನೇ ಗುರಿಯಾಗಿಸಿದ ಔಷಧ ಇನ್ನೂ ಬಂದಿಲ್ಲ. ಹಾಗಾಗಿ ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಿಸುತ್ತಿಲ್ಲ ಎಂದು ಮಾತ್ರೆ ಬಿಡಬೇಡಿ. ಹಳ್ಳಿಯವರಿರಲಿ, ನಗರದವರಿರಲಿ, ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ವೈರಸ್ ಮರಳುವುದು ಬಹುತೇಕ ಖಚಿತ.