ಸೊನ್ನೆ ಒತ್ತಿದ ಮೇಲೆ ಕರೆ ಎತ್ತ ಹೋಗುತ್ತದೆ?

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮಾರ್ಷಲ್ ಎಂಬ ಊರಿದೆ. 2013ರ ಡಿಸೆಂಬರ್‌ನಲ್ಲಿ ಅಲ್ಲಿನ ಮೋಟೆಲ್ ಒಂದರಲ್ಲಿ ಕ್ಯಾರಿ ಹಂಟ್ ಎಂಬ ಮಹಿಳೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಜೊತೆಗಿದ್ದ ಒಂಬತ್ತು ವರ್ಷದ ಮಗಳು ಕೋಣೆಯ ಫೋನೆತ್ತಿ, ಆ ದೇಶದ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ತುರ್ತು ಸಂಖ್ಯೆ 911 ಒತ್ತಿದಳು. ಕರೆ ಹೋಗಲಿಲ್ಲ. ಒಟ್ಟು ನಾಲ್ಕು ಬಾರಿ ಒತ್ತಿದಳು, ಹೋಗಲೇ ಇಲ್ಲ. ಹೊರಗಿನ ಲೈನ್ ಸಿಗಬೇಕಾದರೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಅದು ಆ ಮಗುವಿಗೆ ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ.

ಕ್ಯಾರಿಯ ತಂದೆ ಪಟ್ಟು ಬಿಡದೆ ಹೋರಾಡಿದರು. ಅವರ ಮಗಳ ಹೆಸರಿನಲ್ಲೇ ಒಂದು ಕಾಯ್ದೆ ಬಂತು. 2018ರ ಫೆಬ್ರವರಿಯಲ್ಲಿ ಅದಕ್ಕೆ ಅಧ್ಯಕ್ಷರ ಅಂಕಿತವೂ ಬಿತ್ತು. 2020ರ ಫೆಬ್ರವರಿ 16ರಿಂದೀಚೆಗೆ ಆ ದೇಶದಲ್ಲಿ ತಯಾರಾಗುವ ಅಥವಾ ಕೂರಿಸುವ ಕಚೇರಿ, ಹೋಟೆಲುಗಳ ದೂರವಾಣಿ ವ್ಯವಸ್ಥೆಯಲ್ಲಿ 911 ಒತ್ತಿದರೆ ಕರೆ ನೇರವಾಗಿ ಹೋಗಲೇಬೇಕು.

ಆ ದಿನ ಫೋನ್ ಕೆಟ್ಟಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಯಂತ್ರ ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು. ಹೇಳಿಕೊಟ್ಟದ್ದರಲ್ಲೇ ಕೊರತೆಯಿತ್ತು.

ಹಾಗಾದರೆ ಯಂತ್ರಕ್ಕೆ ಹೇಳಿಕೊಡುವುದೇನನ್ನು? ಒಂದು ಕಚೇರಿಯಲ್ಲಿ 200 ಮೇಜುಗಳಿದ್ದರೆ 200 ಫೋನ್‌ಗಳಿರಬಹುದು, ಆದರೆ ಹೊರಗೆ ಹೋಗುವ ಲೈನ್‌ಗಳು ಅಷ್ಟಿರುವುದಿಲ್ಲ. ಡಿಜಿಟಲ್ ಲೈನ್ ಒಂದರಲ್ಲಿ ಏಕಕಾಲಕ್ಕೆ 30 ಕರೆಗಳು ಸಾಗುತ್ತವೆ. ಎಷ್ಟೋ ಕಚೇರಿಗಳಿಗೆ ಅಷ್ಟೇ ಸಾಕು. ಒಳಗಿನ ಫೋನ್‌ಗಳಿಗೂ ಹೊರಗಿನ ಲೈನ್‌ಗಳಿಗೂ ನಡುವೆ ಇರುವ ಯಂತ್ರವೇ ಇಪಿಎಬಿಎಕ್ಸ್. ಯಾರಾದರೂ ಸಂಖ್ಯೆ ಒತ್ತಿದಾಗ ಅದು ಪಕ್ಕದ ಮೇಜಿನದೋ, ಊರಿನದೋ, ಪರದೇಶದ್ದೋ ಎಂದು ಇದು ತೀರ್ಮಾನಿಸಬೇಕು. ಯಾವ ಲೈನಿನಲ್ಲಿ ಕಳಿಸಬೇಕು, ಆ ಲೈನ್ ತುಂಬಿದ್ದರೆ ಯಾವುದು, ಒತ್ತಿದವರಿಗೆ ಆ ಕರೆ ಮಾಡುವ ಅನುಮತಿ ಇದೆಯೇ ಎಂಬುದನ್ನೂ ನೋಡಬೇಕು. ಹಿಂದೆ ಈ ಕೆಲಸವನ್ನೆಲ್ಲ ಬೋರ್ಡಿನ ಮುಂದೆ ಕುಳಿತ ಆಪರೇಟರ್ ಮಾಡುತ್ತಿದ್ದರು. ಈಗ ಒಂದು ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು ಬರೆಯುವುದಕ್ಕೇ ಕರೆಗಳ ರೂಟಿಂಗ್ ಎನ್ನುತ್ತಾರೆ.

ನಮ್ಮ ಕಚೇರಿಗಳಿಗೆ ಈ ಯಂತ್ರ ಹೊಸದಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಮೊದಲು ಕೈಹಾಕಿದ್ದೇ 128 ಲೈನಿನ ಇಂಥ ಯಂತ್ರಕ್ಕೆ. ಅದೇ ವಿನ್ಯಾಸದ ಮೇಲೆ ನಿಂತ ಗ್ರಾಮೀಣ ವಿನಿಮಯ ಕೇಂದ್ರ ಮೊಟ್ಟಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ.

ಪಟ್ಟಿ ಬರೆಯುವುದು ಸುಲಭವೆಂದು ತೋರುತ್ತದೆ. ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಆದ್ದರಿಂದ 'ಸೊನ್ನೆ, ಅದರ ಮುಂದೆ 6ರಿಂದ 9ರೊಳಗಿನ ಒಂದು ಅಂಕಿ, ಆಮೇಲೆ ಒಂಬತ್ತು ಅಂಕಿ ಬಂದರೆ ಮೊಬೈಲ್ ಲೈನಿಗೆ ಕಳಿಸು' ಎಂದು ಒಂದು ಸಾಲು ಬರೆದರಾಯಿತಲ್ಲವೇ? ಆಗಲಿಲ್ಲ. ಬೆಂಗಳೂರಿನ ಎಸ್‌ಟಿಡಿ ಕೋಡ್ 080, ಮೈಸೂರಿನದು 0821, ಹುಬ್ಬಳ್ಳಿ-ಧಾರವಾಡದ್ದು 0836. ಈ ಊರುಗಳ ಮನೆ ಫೋನ್‌ಗಳೂ ಅದೇ ಸಾಲಿಗೆ ಸರಿಯಾಗಿ ಹೊಂದುತ್ತವೆ! 080ರ ಮುಂದೆ 2 ಅಥವಾ 4 ಬಂದರೆ ಅದು ಬೆಂಗಳೂರಿನ ಸ್ಥಿರ ದೂರವಾಣಿ. 8050, 8088 ಎಂದು ಹೊರಟರೆ ಮೊಬೈಲ್. ಅಂದರೆ ಯಂತ್ರ ನಾಲ್ಕನೆಯ ಅಂಕಿಯವರೆಗೂ ಕಾಯಬೇಕು. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ ಸಾಲನ್ನೇ ಹಿಡಿಯುವ ಯಂತ್ರಗಳಲ್ಲಿ ಬೆಂಗಳೂರಿನ ಸಾಲು ಮೇಲಿರಬೇಕು, ಮೊಬೈಲಿನ ಸಾಲು ಕೆಳಗೆ. ಅದಲು ಬದಲಾದರೆ ಕರೆ ದಾರಿ ತಪ್ಪುತ್ತದೆ. ಗಣಿತದಲ್ಲಿ ಆವರಣ ಚಿಹ್ನೆ ಮರೆತವರಿಗೆ ಇದರ ಕಷ್ಟ ಗೊತ್ತಿರುತ್ತದೆ.

ಪಟ್ಟಿ ಒಮ್ಮೆ ಬರೆದರೆ ಮುಗಿಯುವುದೂ ಇಲ್ಲ. 2021ರ ಜನವರಿ 15ರಿಂದ ದೇಶದಲ್ಲಿ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಮಾಡುವ ಎಲ್ಲ ಕರೆಗಳಿಗೂ ಮುಂದೆ ಸೊನ್ನೆ ಸೇರಿಸುವುದು ಕಡ್ಡಾಯವಾಯಿತು. ಮೊಬೈಲ್‌ಗಳಿಗೆ ಇನ್ನೂ 254 ಕೋಟಿಗೂ ಹೆಚ್ಚು ಹೊಸ ಸಂಖ್ಯೆಗಳು ದೊರೆಯಲೆಂದು ಮಾಡಿದ ಏರ್ಪಾಡು ಅದು. ಹತ್ತು ಅಂಕಿ ಒತ್ತಿ ರೂಢಿಯಾದ ಸಿಬ್ಬಂದಿಗೆ ಹೊಸ ಪಾಠ ಹೇಳುವ ಬದಲು, ಪಟ್ಟಿ ಬರೆಯುವವರು 'ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಬಂದರೆ ಹಿಂದೆ ಒಂದು ಸೊನ್ನೆ ಅಂಟಿಸಿ ಕಳಿಸು' ಎಂದು ಯಂತ್ರಕ್ಕೇ ಹೇಳಬಹುದು. ಸಿಬ್ಬಂದಿ ಎಂದಿನಂತೆ ಒತ್ತುತ್ತಾರೆ, ಬದಲಾವಣೆ ಅವರ ಅರಿವಿಗೇ ಬರುವುದಿಲ್ಲ. ಒಳ್ಳೆಯ ರೂಟಿಂಗ್ ಎಂದರೆ ಅಂಥದ್ದು.

ಕೆಟ್ಟದ್ದು ಹೇಗಿರುತ್ತದೆ? 'ಸೊನ್ನೆಯಿಂದ ಶುರುವಾದದ್ದೆಲ್ಲ ಎಸ್‌ಟಿಡಿ, ಹೊರಗೆ ಬಿಡು' ಎಂದು ಯಾರೋ ಅವಸರದಲ್ಲಿ ಬರೆಯುತ್ತಾರೆ. ಪರದೇಶದ ಕರೆಗಳು ಎರಡು ಸೊನ್ನೆಯಿಂದ ಶುರುವಾಗುತ್ತವೆ ಎಂಬುದು ಆ ಹೊತ್ತಿಗೆ ಮರೆತಿರುತ್ತದೆ. ಆ ಒಂದೇ ಸಾಲು ಐಎಸ್‌ಡಿ ಬಾಗಿಲನ್ನೂ ತೆರೆದಿಡುತ್ತದೆ. ಅಂತರ್ಜಾಲಕ್ಕೆ ಜೋಡಿಸಿದ ಯಂತ್ರವಾದರೆ, ಸುಲಭದ ಪಾಸ್‌ವರ್ಡ್ ಊಹಿಸಿ ಒಳನುಗ್ಗುವ ಕಳ್ಳರು ಕಚೇರಿ ಮುಚ್ಚಿದ ರಾತ್ರಿ, ರಜಾದಿನ ನೋಡಿಕೊಂಡು ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಹರಿಸುತ್ತಾರೆ. ಆ ಹಣದಲ್ಲಿ ಅವರಿಗೂ ಪಾಲು. ಬಿಲ್ಲು ಬರುವುದು ಮಾತ್ರ ಯಜಮಾನರಿಗೆ. 'ಸೊನ್ನೆ, ಅದರ ಮುಂದೆ 1ರಿಂದ 9ರವರೆಗಿನ ಅಂಕಿ' ಎಂದು ಬರೆದಿದ್ದರೆ ಈ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ದುಡ್ಡು ಹೋದರೆ ಮತ್ತೆ ದುಡಿಯಬಹುದು. ತುರ್ತು ಕರೆಯ ಮಾತು ಹಾಗಲ್ಲ. ನಮ್ಮಲ್ಲಿ ತುರ್ತು ಸಂಖ್ಯೆ 112, ಆಂಬುಲೆನ್ಸಿಗೆ 108, ಅಗ್ನಿಶಾಮಕ ದಳಕ್ಕೆ 101. ಈಗ ಯಾವುದಾದರೂ ವಸತಿಗೃಹದ ಮೊದಲ ಮಹಡಿಯನ್ನು ನೆನಪಿಸಿಕೊಳ್ಳಿ. ಅಲ್ಲಿನ ಕೋಣೆಗಳ ಸಂಖ್ಯೆ 101, 108, 112! ಕೋಣೆಯ ಸಂಖ್ಯೆಯನ್ನೇ ಎಕ್ಸ್‌ಟೆನ್ಷನ್ ಸಂಖ್ಯೆಯಾಗಿ ಕೊಟ್ಟಿದ್ದರೆ, ಎದೆನೋವೆಂದು 108 ಒತ್ತಿದವರಿಗೆ ನಿದ್ದೆಗಣ್ಣಿನ ಇನ್ನೊಬ್ಬ ಅತಿಥಿ 'ಹಲೋ' ಎನ್ನಬಹುದು. ಎಕ್ಸ್‌ಟೆನ್ಷನ್‌ಗಳಿಗೆ 2101, 2108 ಎಂದು ನಾಲ್ಕು ಅಂಕಿ ಕೊಡುವುದು ಇದಕ್ಕೆ ಸರಳ ಪರಿಹಾರ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಹೊರಗಿನ ಲೈನಿಗೆ ಸೊನ್ನೆ ಒತ್ತಿ ಅಭ್ಯಾಸವಾದವರು ಗಾಬರಿಯಲ್ಲಿ 0112 ಎಂದೂ ಒತ್ತಬಹುದು. ಆದರೆ 011 ದೆಹಲಿಯ ಕೋಡ್. ಅಲ್ಲಿನ ಬಹಳಷ್ಟು ಸಂಖ್ಯೆಗಳು 2ರಿಂದಲೇ ಶುರು. 0112 ಕಂಡ ಯಂತ್ರ, 'ದೆಹಲಿ ಇರಬಹುದು, ಇನ್ನೂ ಅಂಕಿಗಳು ಬರಲಿ' ಎಂದು ಕೆಲವು ಸೆಕೆಂಡು ಸುಮ್ಮನೆ ಕಾಯುತ್ತದೆ. 112 ಮತ್ತು 0112 ಎರಡನ್ನೂ ಪಟ್ಟಿಯಲ್ಲಿ ಬರೆದು, ಕಾಯುವ ಅವಧಿಯನ್ನು ಆದಷ್ಟು ಚಿಕ್ಕದಾಗಿಸಬೇಕು. ಎಲ್ಲ ಲೈನ್‌ಗಳೂ ತುಂಬಿದ್ದಾಗ ತುರ್ತು ಕರೆಗೆಂದೇ ಒಂದು ಲೈನ್ ತೆಗೆದಿಡುವುದು ಇನ್ನೂ ಒಳ್ಳೆಯದು. ಹಾಸ್ಟೆಲ್ಲಿಗೆ ಮಕ್ಕಳನ್ನು ಸೇರಿಸುವಾಗ ಊಟ, ನೀರು ವಿಚಾರಿಸುವ ತಂದೆ ತಾಯಂದಿರು, ವರಾಂಡದ ಫೋನಿನಿಂದ 112 ನೇರವಾಗಿ ಹೋಗುತ್ತದೆಯೇ ಎಂದೂ ವಾರ್ಡನ್ನರನ್ನು ಕೇಳಬಹುದು.

ಇದನ್ನು ಕಲಿಯಲು ದೊಡ್ಡ ಕಂಪನಿ ಸೇರಬೇಕಾಗಿಲ್ಲ. 1999ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಸ್ಪೆನ್ಸರ್‌ಗೆ ತನ್ನ ಪುಟ್ಟ ಉದ್ಯಮಕ್ಕೊಂದು ದೂರವಾಣಿ ಯಂತ್ರ ಬೇಕಿತ್ತು. ಕೊಳ್ಳುವಷ್ಟು ದುಡ್ಡಿರಲಿಲ್ಲ, ತಾನೇ ತಂತ್ರಾಂಶ ಬರೆದ. ಅದೇ 'ಆಸ್ಟರಿಸ್ಕ್'. ಈಗಲೂ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನ ಮೇಲೂ ನಡೆಯುತ್ತದೆ. ಅದರಲ್ಲಿ 'ಎಕ್ಸ್' ಎಂದರೆ ಯಾವುದೇ ಅಂಕಿ, 'ಝಡ್' ಎಂದರೆ 1ರಿಂದ 9, 'ಎನ್' ಎಂದರೆ 2ರಿಂದ 9. ಈ ಮೂರು ಅಕ್ಷರ ತಿಳಿದರೆ ಮೊದಲ ಪಟ್ಟಿ ಬರೆಯಬಹುದು. ಎರಡು ಮೊಬೈಲ್‌ಗಳಲ್ಲಿ ಉಚಿತ ಫೋನ್ ತಂತ್ರಾಂಶ ಹಾಕಿಕೊಂಡರೆ ಅವೇ ಎಕ್ಸ್‌ಟೆನ್ಷನ್‌ಗಳು. ಪ್ರಯೋಗಕ್ಕೆಂದು ನಿಜವಾದ 112ಕ್ಕೆ ಮಾತ್ರ ಕರೆ ಮಾಡಕೂಡದು. ಆ ಸಾಲನ್ನು ಸದ್ಯಕ್ಕೆ ಪಕ್ಕದ ಕೋಣೆಯ ಫೋನಿಗೆ ತಿರುಗಿಸಿಟ್ಟು, ಗಂಟೆ ಎಷ್ಟು ಸೆಕೆಂಡಿಗೆ ಬಾರಿಸುತ್ತದೆ ಎಂದು ಗಡಿಯಾರ ಹಿಡಿದು ನೋಡಿದರಾಯಿತು.