ಅಜ್ಜಿಯ ಮಡಿಲಲ್ಲಿ ಮಗು, ಅಮ್ಮ ಮೀಟಿಂಗಿನಲ್ಲಿ

ಪ್ರಶ್ನೆ: ಕಚೇರಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಬೇಕಿದೆ. ಒಂಬತ್ತು ತಿಂಗಳ ಮಗಳನ್ನೂ ಅತ್ತೆಯವರನ್ನೂ ಕರೆದೊಯ್ಯುತ್ತಿದ್ದೇನೆ. ಹೋಟೆಲ್ ರೂಮಿನಲ್ಲಿ ಹಗಲಿಡೀ ಮಗುವನ್ನು ಆಡಿಸುವುದು ಹೇಗೆ?

ಉತ್ತರ: ಹಗಲಿಡೀ ರೂಮಿನಲ್ಲೇ ಏಕೆ? ಬೆಳಗಿನ ರಾಗಿ ಸರಿ ತಿನ್ನಿಸಿ, ಬಿಸಿಲೇರುವ ಮುಂಚೆ ಇಬ್ಬರೂ ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹೋಗಿಬರಲಿ. ಎರಡರ ಹೆಸರಿನಲ್ಲೂ ಮೆಟ್ರೊ ನಿಲ್ದಾಣಗಳಿವೆ. ಆದರೂ ಹೋಟೆಲನ್ನೇ ಉದ್ಯಾನದ ಹತ್ತಿರ ಹಿಡಿದರೆ ಅತ್ತೆಯವರ ಮಂಡಿಗೆ ಉಪಕಾರ. ಲಾಲ್‌ಬಾಗ್ 240 ಎಕರೆ, ಅಷ್ಟೂ ಸುತ್ತಬೇಕಿಲ್ಲ. ಈ ವಯಸ್ಸಿಗೆ ಗಾಜಿನಮನೆಗಿಂತ ಕಲ್ಲುಬೆಂಚಿನೆದುರು ಓಡುವ ಅಳಿಲೇ ದೊಡ್ಡದು.

ರೂಮಿಗೆ ಗೊಂಬೆಗಳ ಚೀಲ ಹೊರಬೇಡಿ. ಕಣ್ಣಿಗೆ ಮರೆಯಾದ ವಸ್ತು ಎಲ್ಲೋ ಇದ್ದೇ ಇದೆ ಎಂಬುದು ಮಗುವಿಗೆ ಹೊಳೆಯತೊಡಗುವುದು ಈ ಸುಮಾರಿಗೇ. ಅಜ್ಜಿ ಸೆರಗಿನಡಿ ಚಮಚ ಬಚ್ಚಿಟ್ಟರೆ ಮಗು ಸೆರಗೆಳೆದು ಹುಡುಕುತ್ತದೆ, ಸಿಕ್ಕಿತೋ ಕೇಕೆ. ಅದೇ ಚಮಚವನ್ನು ಸ್ಟೀಲ್ ಲೋಟಕ್ಕೆ ಹಾಕಿಕೊಟ್ಟರೆ ಇನ್ನಷ್ಟು ಹೊತ್ತು ಕಳೆಯುತ್ತದೆ. (ಪಕ್ಕದ ರೂಮಿನವರು ಕ್ಷಮಿಸಲಿ.) ಇದೇ ತಿಳಿವಳಿಕೆಯಿಂದಾಗಿ ನೀವು ಹೊರಟಾಗ ಅಳುವೂ ಜೋರಾಗಬಹುದು. ಕದ್ದು ಹೋಗಬೇಡಿ, ಟಾಟಾ ಹೇಳಿಯೇ ಹೋಗಿ.

ಮೊಬೈಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸಲಹೆ ಕೊಟ್ಟಿದೆ. ನೆಲಕ್ಕೆ ಹಾಸಲು ಜಮಖಾನೆಯೊಂದು ಇರಲಿ. ಎತ್ತರದ ಮಂಚದ ಮೇಲೆ ಅಂಬೆಗಾಲಿಡಲು ಬಿಡುವುದು ಅಪಾಯ. ಮಧ್ಯಾಹ್ನ ಮಗು ಮಲಗಿದಾಗ ಅತ್ತೆಯವರೂ ಮಲಗಲಿ. ಆಗ ಮಾತ್ರ "ಮಗು ಊಟ ಮಾಡಿತಾ?" ಎಂದು ಫೋನ್ ಮಾಡಬೇಡಿ.