ಬಣ್ಣ ಬಿಟ್ಟ ಟ್ಯಾಂಕು

1981ರ ಏಪ್ರಿಲ್ 12ರಂದು ಅಮೆರಿಕದ ಸ್ಪೇಸ್ ಷಟಲ್ ‘ಕೊಲಂಬಿಯಾ’ ಮೊದಲ ಬಾರಿ ಮೇಲೇರಿದಾಗ ಅದರ ಹೊಟ್ಟೆಗೆ ಅಂಟಿಕೊಂಡಿದ್ದ ದೈತ್ಯ ಇಂಧನ ಟ್ಯಾಂಕು ಹಾಲಿನಂತೆ ಬೆಳ್ಳಗಿತ್ತು. ಮರುವರ್ಷದ ಮೂರನೆಯ ಯಾನದಲ್ಲಿ ಅದು ಇಟ್ಟಿಗೆಯ ಬಣ್ಣದ್ದಾಗಿತ್ತು. ಹೊಸ ಬಣ್ಣ ಬಳಿದಿರಲಿಲ್ಲ, ಬಳಿಯುವುದನ್ನೇ ಬಿಟ್ಟಿದ್ದರು. ಕಾಣುತ್ತಿದ್ದುದು ಟ್ಯಾಂಕಿನ ಮೇಲಿನ ನೊರೆಹೊದಿಕೆ. ಉಳಿತಾಯ ಸುಮಾರು 270 ಕಿಲೋ!

ಏಳು ಲಕ್ಷ ಕಿಲೋಗೂ ಹೆಚ್ಚು ಇಂಧನ ತುಂಬುವ ಟ್ಯಾಂಕಿಗೆ ಬಣ್ಣದ ಲೆಕ್ಕವೇಕೆ? ಕಾರಣ ಸರಳ. ಇಕ್ಕೆಲದ ಬೂಸ್ಟರುಗಳು ಎರಡೇ ನಿಮಿಷದಲ್ಲಿ ಕಳಚಿ ಬೀಳುತ್ತಿದ್ದವು. ಟ್ಯಾಂಕು ಮಾತ್ರ ಎಂಟೂವರೆ ನಿಮಿಷ, ಹೆಚ್ಚುಕಡಿಮೆ ಕಕ್ಷೆಯ ಅಂಚಿನವರೆಗೂ ಜೊತೆಗಿರುತ್ತಿತ್ತು. ಆದ್ದರಿಂದ ಅದರಲ್ಲಿ ಕಡಿಮೆಯಾದ ಪ್ರತಿ ಕಿಲೋಗೂ ಸುಮಾರು ಒಂದು ಕಿಲೋ ಹೆಚ್ಚಿನ ಸರಕು ಒಯ್ಯಬಹುದಿತ್ತು.

ಮೊದಲ ಖಾಲಿ ಟ್ಯಾಂಕಿನ ತೂಕ ಸುಮಾರು 35,000 ಕಿಲೋ. 1983ರಲ್ಲಿ ‘ಚಾಲೆಂಜರ್’ ಮೊದಲ ಬಾರಿ ಹಾರುವ ವೇಳೆಗೆ, ಲೋಹವನ್ನು ಅಲ್ಲಲ್ಲಿ ತೆಳುಗೊಳಿಸಿ ಅದನ್ನು 30,000 ಕಿಲೋಗೆ ಇಳಿಸಿದ್ದರು. 1998ರ ಜೂನ್‌ನಲ್ಲಿ ಲೋಹವೇ ಬದಲಾಯಿತು. ಅತಿ ಹಗುರ ಲೋಹವಾದ ಲಿಥಿಯಂ ಬೆರೆಸಿದ ಅಲ್ಯೂಮಿನಿಯಂ ಬಂತು. ಇನ್ನೂ 3,400 ಕಿಲೋ ಇಳಿಯಿತು.

ಇದರ ಹಿಂದೆ ರಾಜಕೀಯವೂ ಇತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ರಷ್ಯಾ ಪಾಲುದಾರನಾಯಿತು. ಬೈಕನೂರಿನಿಂದ ಏರುವ ರಾಕೆಟ್ಟುಗಳಿಗೂ ನಿಲುಕಬೇಕೆಂದು ಅದರ ಕಕ್ಷೆಯನ್ನು 51.6 ಡಿಗ್ರಿ ಓರೆಯಾಗಿರಿಸಿದರು. ಫ್ಲಾರಿಡಾದಿಂದ ಆ ದಿಕ್ಕಿಗೆ ಹೊರಟರೆ ಭೂಮಿಯ ತಿರುಗುವಿಕೆಯ ನೆರವು ತಗ್ಗುತ್ತದೆ, ಒಯ್ಯುವ ಸರಕೂ ತಗ್ಗುತ್ತದೆ. ಆ ನಷ್ಟದ ಒಂದು ಪಾಲನ್ನು ತುಂಬಿಕೊಟ್ಟದ್ದು ಈ ಹೊಸ ಟ್ಯಾಂಕು.

ಆದರೆ ತಕ್ಕಡಿಗೆ ಸಿಗದ ಲೆಕ್ಕವೂ ಒಂದಿತ್ತು. 2003ರ ಜನವರಿ 16ರಂದು, ಟ್ಯಾಂಕಿನ ಆಸರೆಗಾಲಿನ ಬಳಿ ಮೆತ್ತಿದ್ದ ನೊರೆಯ ತುಂಡೊಂದು ಕಿತ್ತು ಬಂದು ‘ಕೊಲಂಬಿಯಾ’ದ ಎಡರೆಕ್ಕೆಗೆ ಬಡಿಯಿತು. ತೂಕ ಮುಕ್ಕಾಲು ಕಿಲೋದಷ್ಟು. ಫೆಬ್ರುವರಿ 1ರಂದು ನೌಕೆ ಮರಳುವಾಗ ಆ ರೆಕ್ಕೆಯ ಬಿರುಕಿನಿಂದ ಬಿಸಿ ಅನಿಲ ಒಳನುಗ್ಗಿತು. ನಮ್ಮ ಕರ್ನಾಲಿನ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮರಳಲಿಲ್ಲ.

2005ರಲ್ಲಿ ಷಟಲ್ ಮತ್ತೆ ಹಾರಿದಾಗ ಆ ಜಾಗದ ನೊರೆಯ ದಿಮ್ಮಿಯನ್ನು ತೆಗೆದುಹಾಕಿ, ಹಿಮಗಟ್ಟದಂತೆ ವಿದ್ಯುತ್ ಹೀಟರು ಕೂಡಿಸಿದ್ದರು. ಟ್ಯಾಂಕಿನಿಂದ ಮತ್ತೊಂದು ವಸ್ತು ಕಡಿಮೆಯಾಗಿತ್ತು. ಈ ಸಲ ತೂಕ ಉಳಿಸಲೆಂದಲ್ಲ, ಜೀವ ಉಳಿಸಲೆಂದು.